ಮನಸ್ಸು ಕುಗ್ಗಿದಾಗ ಹಸಿವು

ಸಾವು ಸಂಭವಿಸಿದ ಮನೆಯಲ್ಲಿ ಅಂದು ಒಲೆ ಹಚ್ಚುವುದಿಲ್ಲ. ನೆರೆಹೊರೆಯವರೋ ಬಂಧುಗಳೋ ಅಡಿಗೆ ಮಾಡಿ ತಂದು, ಬಲವಂತದಿಂದ ನಾಲ್ಕು ತುತ್ತು ಉಣ್ಣಿಸುತ್ತಾರೆ. ದುಃಖದಲ್ಲಿರುವವನಿಗೆ ಅನ್ನ ಸೇರದೆಂಬುದನ್ನು ನಮ್ಮ ಜನ ಯಾವ ಶಾಸ್ತ್ರವನ್ನೂ ಓದದೆಯೇ ಬಲ್ಲರು. ಇಂಥ ದುಃಖ ಕಾಲಕ್ರಮದಲ್ಲಿ ತಿಳಿಯಾಗುತ್ತದೆ, ಹಸಿವು ಮರಳುತ್ತದೆ. ಆದರೆ ಕೆಲವರಲ್ಲಿ ಮನಸ್ಸಿಗೆ ಕವಿದ ಮಬ್ಬು ವಾರಗಟ್ಟಲೆ ಸರಿಯುವುದೇ ಇಲ್ಲ. ಯಾವುದರಲ್ಲಿಯೂ ಆಸಕ್ತಿಯಿಲ್ಲ, ನಿದ್ರೆ ಕ್ರಮ ತಪ್ಪುತ್ತದೆ, ತಾನು ಯಾವುದಕ್ಕೂ ಬಾರದವನೆಂಬ ಭಾವ ಬಲಿಯುತ್ತದೆ. ವೈದ್ಯರು ಇದನ್ನು ಖಿನ್ನತೆಯೆಂಬ ರೋಗವಾಗಿ ಪರಿಗಣಿಸುತ್ತಾರೆ. ಈ ರೋಗದಲ್ಲಿ ಹಸಿವಿನ ಗತಿ ಏನಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ನಾವು ನಿರೀಕ್ಷಿಸುವಷ್ಟು ಸರಳವಾಗಿಲ್ಲ.

ಪ್ರಾಚೀನ ಗ್ರೀಕರು ಖಿನ್ನತೆಗೆ ದೇಹದಲ್ಲಿನ ಕಪ್ಪು ಪಿತ್ತವೇ ಕಾರಣವೆಂದು ಭಾವಿಸಿದ್ದರು. ಅವರು ಊಹಿಸಿದ ಕಾರಣ ಸುಳ್ಳಾದರೂ, ಕಂಡ ಲಕ್ಷಣ ಸುಳ್ಳಲ್ಲ: ಹಿಪೊಕ್ರೇಟಿಸನ ಹೆಸರಿನಲ್ಲಿ ಉಳಿದುಬಂದಿರುವ ಗ್ರಂಥಗಳಲ್ಲಿ ವಿಷಣ್ಣತೆಯೊಡನೆ ಅನ್ನದ್ವೇಷವೂ ನಿದ್ರಾನಾಶವೂ ಹೇಳಲ್ಪಟ್ಟಿವೆ. ಹಸಿವು ಕಡಿಮೆಯಾಗುವುದೇ ಖಿನ್ನತೆಯ ಗುರುತೆಂಬ ನಂಬಿಕೆ ಅಲ್ಲಿಂದ ನಮ್ಮ ಕಾಲದವರೆಗೂ ಹರಿದುಬಂದಿತು. ಅದು ಎಷ್ಟು ಗಟ್ಟಿಯಾಗಿತ್ತೆಂದರೆ, ಇಂಗ್ಲೆಂಡಿನ ಮನೋವೈದ್ಯ ಮ್ಯಾಕ್ಸ್ ಹ್ಯಾಮಿಲ್ಟನ್ ಖಿನ್ನತೆಯ ತೀವ್ರತೆಯನ್ನು ಅಳೆಯಲು 1960ರಲ್ಲಿ ಪ್ರಕಟಿಸಿದ ಸುಪ್ರಸಿದ್ಧ ಮಾಪಕದಲ್ಲಿ ಹಸಿವು ಕುಂದಿದ್ದಕ್ಕೆ ಅಂಕವಿತ್ತು, ತೂಕ ಇಳಿದದ್ದಕ್ಕೆ ಅಂಕವಿತ್ತು. ಹಸಿವು ಹೆಚ್ಚಿದ್ದಕ್ಕೆ, ತೂಕ ಏರಿದ್ದಕ್ಕೆ ಅಂಕವೇ ಇರಲಿಲ್ಲ. ಔಷಧಗಳ ಪರೀಕ್ಷೆಯಲ್ಲಿ ದಶಕಗಳ ಕಾಲ ಇದೇ ಮಾಪಕ ಪ್ರಮಾಣವಾಗಿ ನಡೆಯಿತು. ದುಃಖದಿಂದ ಹೆಚ್ಚು ಉಣ್ಣುವವನು ಈ ತಕ್ಕಡಿಯಲ್ಲಿ ಅಷ್ಟರಮಟ್ಟಿಗೆ ಆರೋಗ್ಯವಂತನಾಗಿಯೇ ತೂಗಿದನೆನ್ನಬೇಕು.

ವಿಚಿತ್ರವೆಂದರೆ, ಬೇರೊಂದು ಬಗೆಯ ಖಿನ್ನತೆಯ ಸುಳಿವು ಅಷ್ಟರಲ್ಲಾಗಲೇ ದೊರೆತಿತ್ತು. ಅದು ದೊರೆತದ್ದು ಕ್ಷಯರೋಗದ ಆಸ್ಪತ್ರೆಯ ಮೂಲಕ. ನ್ಯೂಯಾರ್ಕ್ ನಗರಕ್ಕೆ ಸೇರಿದ ಸ್ಟೇಟನ್ ದ್ವೀಪದ ಸೀ ವ್ಯೂ ಆಸ್ಪತ್ರೆಯಲ್ಲಿ 1952ರ ಸುಮಾರಿಗೆ ಐಪ್ರೊನಿಯಾಜಿಡ್ ಎಂಬ ಹೊಸ ಔಷಧವನ್ನು ಕ್ಷಯರೋಗಿಗಳಿಗೆ ಕೊಟ್ಟು ನೋಡಲಾಯಿತು. ಹಾಸಿಗೆ ಹಿಡಿದು ಬದುಕಿನ ಆಸೆಯನ್ನೇ ಬಿಟ್ಟಿದ್ದವರು ಎದ್ದು ಕುಳಿತರು, ಉತ್ಸಾಹದಿಂದ ಮಾತನಾಡತೊಡಗಿದರು, ಹಸಿವೆಂದು ಕೇಳಿ ಉಂಡು ಮೈತುಂಬಿಕೊಂಡರು. ಆಸ್ಪತ್ರೆಯಲ್ಲಿ ಕುಣಿದು ನಲಿಯುತ್ತಿದ್ದ ರೋಗಿಗಳ ಚಿತ್ರಗಳು ಪತ್ರಿಕೆಗಳಲ್ಲಿ ಅಚ್ಚಾದವು. ಶ್ವಾಸಕೋಶಕ್ಕೆ ಕೊಟ್ಟ ಮದ್ದು ಮನಸ್ಸನ್ನೂ ಮುಟ್ಟಿತ್ತು. ಅಮೆರಿಕದ ನೇಥನ್ ಕ್ಲೈನ್ 1957ರಲ್ಲಿ ಈ ಔಷಧವನ್ನು ಖಿನ್ನತೆಗೇ ಪ್ರಯೋಗಿಸಿ ಯಶಸ್ಸು ಪಡೆದರು. ಯಕೃತ್ತಿಗೆ ಅಪಾಯಕರವೆಂದು ತಿಳಿದುಬಂದ ಮೇಲೆ ಅದರ ಬಳಕೆ ನಿಂತಿತು, ಆ ಮಾತು ಬೇರೆ.

1959ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ವೆಸ್ಟ್ ಮತ್ತು ಡ್ಯಾಲಿ ಎಂಬ ವೈದ್ಯರಿಬ್ಬರು, ಈ ಔಷಧದಿಂದ ಚೆನ್ನಾಗಿ ಗುಣ ಹೊಂದಿದವರು ಯಾರೆಂಬುದನ್ನು ವಿಚಾರಿಸಿದರು. ಪಠ್ಯಪುಸ್ತಕದಲ್ಲಿ ಬಣ್ಣಿಸಿದ ಖಿನ್ನರಿಗಿಂತ ಇವರು ಭಿನ್ನರಾಗಿದ್ದರು. ಈ ಬಗೆಗೆ 'ಅಸಾಮಾನ್ಯ ಖಿನ್ನತೆ' ಎಂಬ ಹೆಸರು ಬಂದಿತು. ಮುಂದಿನ ಸಂಶೋಧಕರು ಅದರ ಚಿತ್ರವನ್ನು ಪೂರ್ಣಗೊಳಿಸಿದರು: ಶುಭವಾರ್ತೆ ಕೇಳಿದಾಗ ಮನಸ್ಸು ಕೊಂಚ ಅರಳುತ್ತದೆ, ನಿದ್ರೆ ಅತಿಯಾಗುತ್ತದೆ, ಕೈಕಾಲುಗಳು ಸೀಸದಂತೆ ಭಾರವಾಗುತ್ತವೆ, ಹಸಿವು ಹೆಚ್ಚುತ್ತದೆ, ಮೈ ಬರುತ್ತದೆ. 1994ರ ಅಮೆರಿಕದ ಮನೋರೋಗ ವರ್ಗೀಕರಣದಲ್ಲಿ ಇದಕ್ಕೆ ಅಧಿಕೃತ ಸ್ಥಾನ ಸಿಕ್ಕಿತು. ಹೆಸರು ಅಸಾಮಾನ್ಯವಾದರೂ ಈ ಬಗೆಯೇನೂ ಅಪರೂಪವಲ್ಲ. ನಮಗಂತೂ ಆ ಹೆಸರು ಒಪ್ಪಿಗೆಯಾಗದು. ಚಳಿಗಾಲದ ದೀರ್ಘ ರಾತ್ರಿಗಳಲ್ಲಿ ಮಾತ್ರ ತಲೆದೋರಿ, ಸಿಹಿ ಮತ್ತು ಪಿಷ್ಟ ಪದಾರ್ಥಗಳ ಚಪಲವನ್ನು ಹುಟ್ಟಿಸುವ ಇನ್ನೊಂದು ಖಿನ್ನತೆಯನ್ನು ನಾರ್ಮನ್ ರೋಸೆಂಥಾಲರು 1984ರಲ್ಲಿ ವಿವರಿಸಿದರು.

ಈಗ ರೂಢಿಯಲ್ಲಿರುವ ಲಕ್ಷಣಪಟ್ಟಿ, ಪಥ್ಯ ಮಾಡದಿದ್ದರೂ ಒಂದು ತಿಂಗಳಲ್ಲಿ ದೇಹದ ತೂಕ ನೂರಕ್ಕೆ 5ಕ್ಕಿಂತ ಹೆಚ್ಚು ಇಳಿದರೂ ಏರಿದರೂ ಅದನ್ನು ಒಂದು ಲಕ್ಷಣವೆಂದು ಎಣಿಸುತ್ತದೆ. 60 ಕಿಲೋಗ್ರಾಂ ತೂಗುವವನಿಗೆ ಇದು 3 ಕಿಲೋಗ್ರಾಂ. ಬೆಳೆಯುವ ಮಕ್ಕಳಲ್ಲಿ ತೂಕ ಇಳಿಯಬೇಕೆಂದೇನೂ ಇಲ್ಲ. ಏರಬೇಕಾದಷ್ಟು ಏರದಿದ್ದರೂ ಸಾಕು. ಆದರೆ ಈ ಒಂದು ಲಕ್ಷಣದಿಂದಲೇ ರೋಗ ನಿರ್ಣಯವಾಗದು. ಒಂಬತ್ತು ಲಕ್ಷಣಗಳ ಪೈಕಿ ಐದಾದರೂ ಎರಡು ವಾರಗಳ ಕಾಲ ಜೊತೆಯಾಗಿರಬೇಕು. ಅವುಗಳಲ್ಲಿ ಕುಗ್ಗಿದ ಮನಸ್ಸು ಅಥವಾ ನಿರಾಸಕ್ತಿ ಇದ್ದೇ ತೀರಬೇಕು. ಕ್ಷಯ, ಸಕ್ಕರೆ ಕಾಯಿಲೆಗಳೂ ಮೈ ಇಳಿಸುತ್ತವೆ. ಥೈರಾಯ್ಡ್ ಗ್ರಂಥಿ ಮಂದವಾದರೆ ಮೈಯೂ ಬರುತ್ತದೆ, ಮನಸ್ಸೂ ಕುಗ್ಗುತ್ತದೆ. ಆದುದರಿಂದ ವೈದ್ಯರು ಮೊದಲು ರಕ್ತ ಪರೀಕ್ಷೆ ಮಾಡಿಸುವುದು ವ್ಯರ್ಥಾಚಾರವಲ್ಲ.

ಒಂದೇ ರೋಗ ಒಬ್ಬನ ಹಸಿವನ್ನು ಅಡಗಿಸಿ ಇನ್ನೊಬ್ಬನ ಹಸಿವನ್ನು ಕೆರಳಿಸುವುದು ಹೇಗೆ? ಮಿದುಳಿನ ತಳಭಾಗದಲ್ಲಿರುವ ಹೈಪೊಥಲಮಸ್ ನಮ್ಮ ಹಸಿವಿನ ಮುಖ್ಯ ಠಾಣೆ. ಕೊಬ್ಬಿನ ಕೋಶಗಳಿಂದ ಬರುವ ಲೆಪ್ಟಿನ್ 'ಸಾಕು' ಎಂದೂ, ಜಠರದಿಂದ ಬರುವ ಗ್ರೆಲಿನ್ 'ಬೇಕು' ಎಂದೂ ಅದಕ್ಕೆ ವರದಿ ಒಪ್ಪಿಸುತ್ತವೆ. ಕಷ್ಟಕಾಲದಲ್ಲಿ ದೇಹವನ್ನು ಎಚ್ಚರಿಸುವ ಕೆಲಸವೂ ಇದೇ ಠಾಣೆಯದು. ಆಗ ಅದು ಸ್ರವಿಸುವ ಹಾರ್ಮೋನನ್ನು ವೈಲಿ ವೇಲ್ ಮತ್ತು ಸಂಗಡಿಗರು 1981ರಲ್ಲಿ ಕುರಿಗಳ ಮಿದುಳಿನಿಂದ ಬೇರ್ಪಡಿಸಿದರು, ಸಿ.ಆರ್.ಎಚ್. ಎಂಬುದು ಅದರ ಮೊಟಕು ಹೆಸರು. ಇದನ್ನು ಇಲಿಯ ಮಿದುಳಿಗೆ ಚುಚ್ಚಿದರೆ ಇಲಿ ತಿನ್ನುವುದನ್ನು ಕಡಿಮೆ ಮಾಡುತ್ತದೆ. ಹುಲಿ ಎದುರಿಗಿರುವಾಗ ಊಟದ ಯೋಚನೆ ಯಾರಿಗೆ! ಆದರೆ ಇದೇ ಸಿ.ಆರ್.ಎಚ್. ಪಿಟ್ಯುಯಿಟರಿ ಗ್ರಂಥಿಯ ಮೂಲಕ ಅಡ್ರಿನಲ್ ಗ್ರಂಥಿಗಳನ್ನು ಪ್ರಚೋದಿಸಿ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನನ್ನು ಹೊರಡಿಸುತ್ತದೆ. ಇದರ ಜಾತಿಯ ಔಷಧಗಳನ್ನು ದೀರ್ಘಕಾಲ ಸೇವಿಸುವವರ ಹಸಿವು ಹೆಚ್ಚುವುದನ್ನು ನಾವು ಕಂಡೇ ಇದ್ದೇವೆ. ಹೀಗೆ ತಡೆಯುವವನೂ ತಳ್ಳುವವನೂ ಒಂದೇ ಸರಪಳಿಯ ಕೊಂಡಿಗಳು. ಯಾರಲ್ಲಿ ಯಾವುದು ಮೇಲುಗೈಯಾಗುತ್ತದೆ ಎಂಬುದೇ ಇಲ್ಲಿನ ಒಗಟು.

ಈ ಒಗಟನ್ನು ಬಿಡಿಸುವತ್ತ ಒಂದು ಹೆಜ್ಜೆ ಇಟ್ಟವರು ಅಮೆರಿಕದ ಟಲ್ಸಾ ನಗರದ ಕೈಲ್ ಸಿಮನ್ಸ್ ಮತ್ತು ಅವರ ಸಂಗಡಿಗರು. ಖಿನ್ನತೆಯಿಂದ ಹಸಿವು ಹೆಚ್ಚಿದವರು, ಕುಂದಿದವರು ಮತ್ತು ಆರೋಗ್ಯವಂತರು, ಈ ಮೂರು ಗುಂಪಿನವರಿಗೂ ತಿಂಡಿತಿನಿಸುಗಳ ಚಿತ್ರಗಳನ್ನು ತೋರಿಸುತ್ತ ಅವರ ಮಿದುಳಿನ ಚಟುವಟಿಕೆಯನ್ನು ಕಾಂತೀಯ ಯಂತ್ರದಲ್ಲಿ ಗುರುತಿಸಿ 2016ರಲ್ಲಿ ಪ್ರಕಟಿಸಿದರು. ಹಸಿವು ಹೆಚ್ಚಿದವರಲ್ಲಿ ಸುಖದ ನಿರೀಕ್ಷೆಗೆ ಸಂಬಂಧಿಸಿದ ಭಾಗಗಳು ಹೆಚ್ಚಾಗಿ ಚುರುಕುಗೊಂಡವು. ಹಸಿವು ಕುಂದಿದವರಲ್ಲಿ, ದೇಹದ ಒಳಗಿನ ಸ್ಥಿತಿಯನ್ನು ಅರಿಯುವ ಇನ್ಸುಲಾ ಎಂಬ ಭಾಗ ಮಂಕಾಗಿತ್ತು: ಹೊಟ್ಟೆಯ ಕರೆ ಅಲ್ಲಿ ಸರಿಯಾಗಿ ಕೇಳಿಸುತ್ತಿರಲಿಲ್ಲವೆಂದು ಊಹಿಸಬಹುದು. ಇದೇ ತಂಡ ಅನಂತರ ರಕ್ತವನ್ನು ಪರೀಕ್ಷಿಸಿದಾಗ, ಹಸಿವು ಕುಂದಿದವರಲ್ಲಿ ಕಾರ್ಟಿಸಾಲ್ ಹೆಚ್ಚಾಗಿಯೂ, ಹಸಿವು ಹೆಚ್ಚಿದವರಲ್ಲಿ ಲೆಪ್ಟಿನ್ ಮತ್ತು ಉರಿಯೂತದ ಸೂಚಕಗಳು ಹೆಚ್ಚಾಗಿಯೂ ಕಂಡುಬಂದವು. ಹಾಲೆಂಡಿನಲ್ಲಿ ನಡೆದ ದೊಡ್ಡ ಅಧ್ಯಯನವೊಂದು 2013ರಲ್ಲಿಯೇ ಇಂಥದೇ ಭೇದವನ್ನು ತೋರಿಸಿತ್ತು. ನಾವು ಒಂದೇ ಹೆಸರಿನಿಂದ ಕರೆಯುವ ಈ ರೋಗ, ದೇಹದ ಮಟ್ಟದಲ್ಲಿ ಒಂದಕ್ಕಿಂತ ಹೆಚ್ಚು ರೋಗಗಳಾಗಿರಬಹುದು.

ಇದು ಪ್ರಯೋಗಶಾಲೆಯ ಕುತೂಹಲ ಮಾತ್ರವಲ್ಲ. ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ನಮ್ಮ ವಯಸ್ಕರಲ್ಲಿ ಸುಮಾರು 20 ಮಂದಿಗೆ ಒಬ್ಬರು ಜೀವಮಾನದಲ್ಲಿ ಒಮ್ಮೆಯಾದರೂ ಖಿನ್ನತೆಗೆ ಒಳಗಾಗುತ್ತಾರೆ; ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆ ಸಿಗುವುದಿಲ್ಲ. ಹಾಸ್ಟೆಲಿನಲ್ಲಿ ತಟ್ಟೆಯನ್ನು ಮುಟ್ಟದೆ ಏಳುವ ಹುಡುಗನನ್ನು ಗೆಳೆಯರು ಗಮನಿಸುತ್ತಾರೆ. ಮಧ್ಯಾಹ್ನದವರೆಗೂ ಮಲಗಿ, ಎದ್ದು, ಕುರುಕಲು ತಿನ್ನುತ್ತ ಕೂರುವವನಿಗೆ ದೊರೆಯುವುದು ಸೋಮಾರಿಯೆಂಬ ಬಿರುದು. "ಹೊಟ್ಟೆ ತುಂಬ ತಿನ್ನುತ್ತಾನಲ್ಲ, ಇವನಿಗೆಂಥ ದುಃಖ?" ಎಂಬ ಮಾತು ಅವನ ಕಿವಿಗೆ ಬೀಳದೆ ಇರುವುದಿಲ್ಲ. ಸರಕಾರದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಇವರಿಬ್ಬರೂ ದೂರವಾಣಿ ಮಾಡಬಹುದು.

ಚಿಕಿತ್ಸೆಯಲ್ಲಿಯೂ ಈ ಭೇದಕ್ಕೆ ಬೆಲೆಯಿದೆ. ಮಿರ್ಟಾಜಪಿನ್, ಅಮಿಟ್ರಿಪ್ಟಿಲಿನ್ ಮೊದಲಾದ ಔಷಧಗಳು ಹಸಿವನ್ನೂ ತೂಕವನ್ನೂ ಹೆಚ್ಚಿಸುತ್ತವೆ. ಬುಪ್ರೊಪಿಯಾನ್ ಹಾಗೆ ಮಾಡದು, ಕೆಲವರಲ್ಲಿ ತೂಕವನ್ನು ಇಳಿಸುವುದೂ ಉಂಟು. ಒಣಗಿ ಕಡ್ಡಿಯಾದವನಿಗೆ ವರವಾಗುವ ಮಾತ್ರೆ ಆಗಲೇ ದಪ್ಪಗಾಗಿರುವವಳಿಗೆ ಶಾಪವಾಗಬಹುದು. ಆಗ ಆಕೆ ವೈದ್ಯರಿಗೆ ತಿಳಿಸದೆ ಮಾತ್ರೆಯನ್ನೇ ಬಿಟ್ಟರೆ ರೋಗ ಮರುಕಳಿಸುವ ಭಯವಿದೆ. ಹಲವು ದೀರ್ಘಕಾಲದ ಅಧ್ಯಯನಗಳನ್ನು ಒಟ್ಟುಗೂಡಿಸಿದ 2010ರ ವಿಶ್ಲೇಷಣೆಯಲ್ಲಿ, ಬೊಜ್ಜಿನವರಿಗೆ ಖಿನ್ನತೆ ಬರುವ ಸಂಭವ ನೂರಕ್ಕೆ 55ರಷ್ಟು, ಖಿನ್ನರಿಗೆ ಬೊಜ್ಜು ಬರುವ ಸಂಭವ ನೂರಕ್ಕೆ 58ರಷ್ಟು ಹೆಚ್ಚೆಂದು ಕಂಡಿತು.

2001ರಲ್ಲಿ ಪ್ರಕಟವಾಗಿ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ಒಂಬತ್ತು ಪ್ರಶ್ನೆಗಳ ಪಟ್ಟಿಯೊಂದಿದೆ. ಅದರ ಐದನೆಯ ಪ್ರಶ್ನೆ, ಹಸಿವು ಕಡಿಮೆಯಾಗಿದೆಯೆ ಅಥವಾ ಅತಿಯಾಗಿ ತಿನ್ನುತ್ತಿದ್ದೀರಾ ಎಂದು ಎರಡನ್ನೂ ಕೂಡಿಸಿಯೇ ಕೇಳುತ್ತದೆ. ಹ್ಯಾಮಿಲ್ಟನ್ನರ ಮಾಪಕ ಕೈಬಿಟ್ಟಿದ್ದವನಿಗೆ ಇಲ್ಲಿ ಜಾಗ ದೊರೆತಿದೆ. ಆದರೆ ತಟ್ಟೆ ಮುಟ್ಟದವನಿಗೂ ತಟ್ಟೆ ಬಿಡದವನಿಗೂ ಬೀಳುವ ಅಂಕ ಒಂದೇ ಆದುದರಿಂದ, ಮುಂದಿರುವವನು ಯಾರೆಂಬುದನ್ನು ತಿಳಿಯಲು ವೈದ್ಯರು ಮತ್ತೊಮ್ಮೆ ಬಾಯಿಬಿಟ್ಟು ಕೇಳಲೇಬೇಕು.