ದಾನಕ್ಕೆ ಮೊದಲು ಬಾಕಿ ಪಾವತಿ

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯು 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಮೂಲಕ ಕಾನೂನಿನ ರೂಪ ಪಡೆದು, 2014ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅದರನ್ವಯ, ನಿಗದಿತ ಮಿತಿಯನ್ನು ಮುಟ್ಟಿದ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ. 2ರಷ್ಟನ್ನು ಶಿಕ್ಷಣ, ಆರೋಗ್ಯ, ಪರಿಸರ ಮೊದಲಾದ ಕಾರ್ಯಗಳಿಗೆ ವಿನಿಯೋಗಿಸಬೇಕು.

ಆದರೆ ಈ ವೆಚ್ಚ ಮಾಡಿದ ಮಾತ್ರಕ್ಕೆ ವ್ಯವಹಾರ ನೀತಿ ಪೂರ್ಣವಾಗುವುದಿಲ್ಲ. ಶಾಲೆಗೆ ಕೊಠಡಿ ಕಟ್ಟಿಸಿಕೊಟ್ಟ ಕಂಪನಿಯೇ ತನಗೆ ಬಿಡಿಭಾಗ ಪೂರೈಸಿದ ಸಣ್ಣ ಘಟಕದ ಬಿಲ್ಲನ್ನು ಆರು ತಿಂಗಳು ತಡೆಹಿಡಿದರೆ, ಆ ಘಟಕದ ಮಾಲೀಕರು ಕಾರ್ಮಿಕರ ವೇತನಕ್ಕಾಗಿ ಬ್ಯಾಂಕಿನ ಓವರ್‌ಡ್ರಾಫ್ಟ್ ಮೇಲೆ ಬಡ್ಡಿ ತೆರಬೇಕಾಗುತ್ತದೆ. ದೊಡ್ಡ ಕಂಪನಿಯ ದುಡಿಯುವ ಬಂಡವಾಳವನ್ನು ಸಣ್ಣ ಘಟಕವು ಒದಗಿಸಿದಂತಾಗುತ್ತದೆ.

ಇದನ್ನು ತಡೆಯಲೆಂದೇ 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯು ಗಡುವು ವಿಧಿಸಿದೆ. ನೋಂದಾಯಿತ ಸೂಕ್ಷ್ಮ ಅಥವಾ ಸಣ್ಣ ಪೂರೈಕೆದಾರರಿಗೆ, ಲಿಖಿತ ಒಪ್ಪಂದವಿದ್ದರೆ ಒಪ್ಪಿದ ಅವಧಿಯೊಳಗೆ, ಗರಿಷ್ಠ 45 ದಿನಗಳಲ್ಲಿ. ಇಲ್ಲದಿದ್ದರೆ 15 ದಿನಗಳಲ್ಲಿ ಹಣ ಸಂದಾಯವಾಗಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ದರದಲ್ಲಿ ಮಾಸಿಕ ಚಕ್ರಬಡ್ಡಿ ತೆರಬೇಕು. ಈ ಬಡ್ಡಿಯನ್ನು ಆದಾಯ ತೆರಿಗೆ ಲೆಕ್ಕದಲ್ಲಿ ವೆಚ್ಚವೆಂದು ಕಳೆಯುವಂತಿಲ್ಲ. 2023ರ ಹಣಕಾಸು ಕಾಯ್ದೆಯು, ಗಡುವು ಮೀರಿದ ಬಾಕಿಯ ಅಸಲನ್ನೂ ವಾಸ್ತವವಾಗಿ ಪಾವತಿಸಿದ ವರ್ಷದಲ್ಲಷ್ಟೇ ವೆಚ್ಚವೆಂದು ಒಪ್ಪುವ ನಿಯಮ ತಂದಿತು.

ಆದರೂ ಮುಂದಿನ ಆರ್ಡರ್ ಕೈತಪ್ಪೀತೆಂಬ ಭಯದಿಂದ ಸಣ್ಣ ಪೂರೈಕೆದಾರರು ಬಡ್ಡಿ ಕೇಳಲು ಹಿಂಜರಿಯುವುದುಂಟು. ಕೊಳ್ಳುವವರ ವಿವೇಕವೇ ಅಲ್ಲಿ ಅವರಿಗೆ ರಕ್ಷಣೆ. ಆದುದರಿಂದ ಸಾಮಾಜಿಕ ಹೊಣೆಗಾರಿಕೆಯ ವರದಿಯನ್ನು ಅಂಗೀಕರಿಸುವ ಸಭೆಯಲ್ಲಿಯೇ ನಿರ್ದೇಶಕ ಮಂಡಳಿಯು ಗಡುವು ಮೀರಿದ ಬಾಕಿಗಳ ಪಟ್ಟಿಯನ್ನೂ ಪರಿಶೀಲಿಸುವುದು ಉಚಿತ.