ಶಸ್ತ್ರಚಿಕಿತ್ಸೆಯ ಉಪಕರಣಗಳ ಜೋಡುಭಾಗಗಳಿಗೆ ತಂತಿಯಿಲ್ಲದ ವಿದ್ಯುತ್ ಪೂರೈಕೆ: ಗಡಿಭಾಗದ ಕನ್ನಡದಲ್ಲಿ ಒಂದು ವಿವರಣೆ

1. ಪ್ರಸ್ತಾವನೆ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ಭಾಷಾಸ್ಥಿತಿಯನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಆಡಳಿತ, ಶಿಕ್ಷಣ ಮತ್ತು ಗಡಿವಿವಾದಗಳ ಸುತ್ತಲೇ ನಡೆಯುತ್ತದೆ. ಕನ್ನಡ ಮತ್ತು ಮರಾಠಿಗಳು ದಿನನಿತ್ಯ ಎದುರಾಗುವ ಇನ್ನೊಂದು ನೆಲೆಯೆಂದರೆ ಆಸ್ಪತ್ರೆ. ಕಾಗವಾಡದವರಿಗೆ ಬೆಳಗಾವಿಗಿಂತ ಮಿರಜವೇ ಹತ್ತಿರ. ನಿಪ್ಪಾಣಿಯವರಿಗೆ ಕೊಲ್ಲಾಪುರ ಹತ್ತಿರ. 1894ರಲ್ಲಿ ವಿಲಿಯಂ ವಾನ್‌ಲೆಸ್ ಅವರು ಮಿರಜದಲ್ಲಿ ಮಿಶನ್ ಆಸ್ಪತ್ರೆಯನ್ನು ತೆರೆದ ಮೇಲೆ ಆ ಊರು ವೈದ್ಯಕೀಯ ಕೇಂದ್ರವಾಗಿ ಬೆಳೆಯಿತು. ರಾಯಬಾಗ, ಕುಡಚಿ, ಉಗಾರ, ಶೇಡಬಾಳಗಳನ್ನು ಹಾಯ್ದು ಹೋಗುವ ರೈಲುಮಾರ್ಗವು ಈ ಭಾಗದ ರೋಗಿಗಳನ್ನು ಅಲ್ಲಿಗೆ ಮುಟ್ಟಿಸಿತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದರೂ ರೋಗಿಯ ದಾರಿ ಬದಲಾಗಲಿಲ್ಲ.

ಈ ದಾರಿಯ ಕೊನೆಯಲ್ಲಿ ರೋಗಿ ಅಥವಾ ಅವನ ಮನೆಯವರು ಒಂದು ಒಪ್ಪಿಗೆಪತ್ರಕ್ಕೆ ಸಹಿ ಹಾಕುತ್ತಾರೆ. ಚಿಕಿತ್ಸೆಯ ಸ್ವರೂಪ, ಉದ್ದೇಶ, ಲಾಭ, ಪರ್ಯಾಯ ಹಾಗೂ ಗಣನೀಯ ಅಪಾಯಗಳನ್ನು ತಿಳಿಸಿದ ಬಳಿಕ ಪಡೆದ ಒಪ್ಪಿಗೆಯೇ ನಿಜವಾದ ಒಪ್ಪಿಗೆಯೆಂದು ಸರ್ವೋಚ್ಚ ನ್ಯಾಯಾಲಯವು 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ತಿಳಿಸುವುದು ಎಂದರೆ ತಿಳಿಯುವ ಭಾಷೆಯಲ್ಲಿ ಹೇಳುವುದು. ಆದ್ದರಿಂದ ವೈದ್ಯಕೀಯ ತಂತ್ರಜ್ಞಾನಕ್ಕೆ ಕನ್ನಡ ಪದಗಳನ್ನು ಕಟ್ಟುವ ಕೆಲಸವನ್ನು ಕೇವಲ ನಿಘಂಟಿನ ಕೆಲಸವೆಂದು ಭಾವಿಸಲಾಗದು.

ಪ್ರಸ್ತುತ ಲೇಖನದಲ್ಲಿ ಇಂಥ ಒಂದು ಹೊಸ ತಂತ್ರವನ್ನು ಆಯ್ದುಕೊಳ್ಳಲಾಗಿದೆ. ಶಸ್ತ್ರಚಿಕಿತ್ಸೆಯ ಉಪಕರಣದ ತುದಿಗೆ ಕೂಡಿಸುವ, ಬೇಕಾದಾಗ ಬಿಚ್ಚುವ ಭಾಗಕ್ಕೆ ತಂತಿಯ ಸಂಪರ್ಕವಿಲ್ಲದೆ ವಿದ್ಯುತ್ತನ್ನು ಒದಗಿಸುವುದೇ ಆ ತಂತ್ರ. ಇದು ಬಹುಮಟ್ಟಿಗೆ ಪೇಟೆಂಟು ದಾಖಲೆಗಳಲ್ಲಿಯೂ ಪ್ರಯೋಗಶಾಲೆಗಳಲ್ಲಿಯೂ ರೂಪುಗೊಳ್ಳುತ್ತಿರುವ ವಿದ್ಯೆ. ಆದರೆ ಅದರ ಮೂಲತತ್ತ್ವ ಈ ತಾಲೂಕುಗಳ ಜನರಿಗೆ ಅಪರಿಚಿತವಲ್ಲ, ಅದನ್ನು ವಿವರಿಸಲು ಬೇಕಾದ ಮಾತುಗಳು ಅವರ ಆಡುನುಡಿಯಲ್ಲಿಯೇ ಇವೆ ಎಂಬುದನ್ನು ತೋರಿಸುವುದು ಇಲ್ಲಿನ ಉದ್ದೇಶ.

2. ಹಿಡಿ ಮತ್ತು ಜೋಡುಭಾಗ

ಸುಶ್ರುತಸಂಹಿತೆಯು 101 ಯಂತ್ರಗಳನ್ನೂ 20 ಶಸ್ತ್ರಗಳನ್ನೂ ಹೇಳುತ್ತದೆ. ಹಿಡಿಯುವ, ಎಳೆಯುವ, ಒಳಗೆ ನೋಡುವ ಮೊಂಡು ಸಾಧನಗಳು ಯಂತ್ರಗಳು; ಕೊಯ್ಯುವ, ಚುಚ್ಚುವ ಹರಿತ ಸಾಧನಗಳು ಶಸ್ತ್ರಗಳು. ಯಂತ್ರಗಳಲ್ಲೆಲ್ಲ ವೈದ್ಯನ ಕೈಯೇ ಪ್ರಧಾನವೆಂಬುದು ಆ ಗ್ರಂಥದ ನಿಲುವು. ಅಲ್ಲಿನ ಉಪಕರಣಕ್ಕೆ ಬೇಕಾದ ಬಲವೆಲ್ಲ ಕೈಯಿಂದಲೇ ಬರುತ್ತಿತ್ತು.

ಆಧುನಿಕ ಉಪಕರಣದಲ್ಲಿ ಎರಡು ಭಾಗಗಳು ಬೇರೆಯಾದವು: ಕೈಯಲ್ಲಿ ಉಳಿಯುವ ಹಿಡಿ ಮತ್ತು ದೇಹದೊಳಗೆ ಕೆಲಸ ಮಾಡುವ ತುದಿ. ನೇಗಿಲು ಹಾಗೆಯೇ ಉಳಿದು ಸವೆದ ಕುಳವನ್ನು ಮಾತ್ರ ಬದಲಿಸುವಂತೆ, ಇಲ್ಲಿ ಹಿಡಿ ಉಳಿಯುತ್ತದೆ, ತುದಿ ಬದಲಾಗುತ್ತದೆ. ಎಲುಬು ಕೊರೆಯುವ ಡ್ರಿಲ್, ಗರಗಸ, ಕರುಳನ್ನು ಲೋಹದ ಪಿನ್ನುಗಳಿಂದ ಹೊಲಿಯುವ ಸ್ಟೇಪ್ಲರ್ ಇವು ಇದಕ್ಕೆ ಉದಾಹರಣೆಗಳು. 1908ರಲ್ಲಿ ಬುಡಾಪೆಸ್ಟಿನ ಹುಮೇರ್ ಹುಲ್ಟ್ಲ್ ಬಳಕೆಗೆ ತಂದ ಮೊದಲ ಸ್ಟೇಪ್ಲರ್ ಮೂರು ಕಿಲೋಗ್ರಾಮಿಗೂ ಹೆಚ್ಚು ತೂಕದ್ದಾಗಿತ್ತು. ಇಂದಿನ ಮೋಟಾರಿನ ಸ್ಟೇಪ್ಲರನ್ನು ಒಂದೇ ಕೈಯಲ್ಲಿ ಹಿಡಿಯಬಹುದು. ಅದರ ಪಿನ್ನುಗಳ ಕೋಶವನ್ನು ಶಸ್ತ್ರಚಿಕಿತ್ಸೆಯ ನಡುವೆಯೇ ಬದಲಿಸಲಾಗುತ್ತದೆ. ಈ ಲೇಖನದಲ್ಲಿ ಅಂಥ ತುದಿಯನ್ನು ‘ಜೋಡುಭಾಗ’ವೆಂದು ಕರೆಯಲಾಗಿದೆ.

ಮೊದಲಿನ ಜೋಡುಭಾಗಗಳಿಗೆ ತಿರುಗುವ ಅಥವಾ ತಳ್ಳುವ ಬಲ ಮಾತ್ರ ಸಾಕಾಗಿತ್ತು. ಈಗ ಅವುಗಳಲ್ಲಿ ಒತ್ತಡವನ್ನೋ ಉಷ್ಣತೆಯನ್ನೋ ಅಳೆಯುವ ಸಂವೇದಕ, ಸಣ್ಣ ದೀಪ, ಕ್ಯಾಮೆರಾ, ಇಲ್ಲವೆ ತನ್ನ ಗುರುತನ್ನು ಹೇಳುವ ಚಿಪ್ಪು ಇರಬಹುದು. ಹೀಗೆ ತುದಿಗೂ ವಿದ್ಯುತ್ ಬೇಕಾಗಿದೆ. ಬೇಕಾದ ಪ್ರಮಾಣ ಅಲ್ಪ: ಚಿಪ್ಪಿಗೆ ಮಿಲಿವಾಟುಗಳು, ಸಣ್ಣ ಚಾಲಕಕ್ಕೆ ಕೆಲವು ವಾಟುಗಳು. ಆದರೆ ಅದನ್ನು ಒದಗಿಸುವ ದಾರಿ ಸುಲಭದ್ದಲ್ಲ.

3. ಮೂರು ದಾರಿಗಳು

ಮೊದಲನೆಯದು ಲೋಹದ ಸ್ಪರ್ಶಬಿಂದುಗಳು. ಟಾರ್ಚಿನಲ್ಲಿ ಸೆಲ್ಲಿಗೆ ಪಟ್ಟಿ ತಾಗುವಂತೆ ಹಿಡಿಯ ಲೋಹ ಜೋಡುಭಾಗದ ಲೋಹಕ್ಕೆ ತಾಗುತ್ತದೆ. ಆದರೆ ಶಸ್ತ್ರಚಿಕಿತ್ಸೆಯ ಜಾಗ ಒಣ ಜಾಗವಲ್ಲ. ರಕ್ತ ಮತ್ತು ಉಪ್ಪುನೀರಿನ ದ್ರಾವಣ ಎರಡೂ ವಿದ್ಯುದ್ವಾಹಕಗಳು. ಅವು ಬಿಂದುಗಳ ನಡುವೆ ಹರಡಿದರೆ ವಿದ್ಯುತ್ ಅಡ್ಡದಾರಿ ಹಿಡಿಯುತ್ತದೆ, ಲೋಹ ಕಿಲುಬುತ್ತದೆ.

ಎರಡನೆಯದು ಜೋಡುಭಾಗದಲ್ಲಿಯೇ ಸೆಲ್ ಇಡುವುದು. ಮತ್ತೆ ಬಳಸುವ ಉಪಕರಣಗಳನ್ನು ಆಟೋಕ್ಲೇವಿನ ಒತ್ತಡದ ಹಬೆಯಲ್ಲಿ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ನಿಮಿಷ ಅಥವಾ 134 ಡಿಗ್ರಿಯಲ್ಲಿ 3 ನಿಮಿಷ ಇಟ್ಟು ಕ್ರಿಮಿರಹಿತಗೊಳಿಸುವುದು ರೂಢಿ. ಸಾಮಾನ್ಯ ಲಿಥಿಯಂ ಸೆಲ್ ಆ ಕಾವನ್ನು ತಾಳುವುದಿಲ್ಲ. ಒಮ್ಮೆ ಬಳಸಿ ಬಿಸಾಡುವ ಭಾಗದಲ್ಲಿ ಸೆಲ್ ಇಟ್ಟರೆ ತೂಕ, ಬೆಲೆ, ಕಸ ಮೂರೂ ಹೆಚ್ಚುತ್ತವೆ.

ಮೂರನೆಯದು ಸುರುಳಿಗಳ ದಾರಿ. ಹಿಡಿಯಲ್ಲಿ ಒಂದು ತಾಮ್ರದ ಸುರುಳಿ, ಜೋಡುಭಾಗದಲ್ಲಿ ಇನ್ನೊಂದು. ಎರಡಕ್ಕೂ ನಡುವೆ ಕೆಲವೇ ಮಿಲಿಮೀಟರಿನ ಅಂತರ. ಎರಡನ್ನೂ ಪ್ಲಾಸ್ಟಿಕ್ಕಿನಲ್ಲೋ ಪಿಂಗಾಣಿಯಲ್ಲೋ ಪೂರ್ತಿ ಮುಚ್ಚಬಹುದು. ಹೊರಗೆ ಲೋಹ ಕಾಣುವುದಿಲ್ಲವಾದ್ದರಿಂದ ನೀರು, ರಕ್ತ, ಹಬೆ ಒಳಹೋಗಲು ಎಡೆಯಿರುವುದಿಲ್ಲ. ಉಪಕರಣ ಮತ್ತು ಅದನ್ನು ಹಿಡಿದ ಯಂತ್ರದ ತೋಳಿನ ನಡುವೆ ಕ್ರಿಮಿರಹಿತ ತೆಳುಹೊದಿಕೆಯಿದ್ದರೂ ಅಯಸ್ಕಾಂತಕ್ಷೇತ್ರ ಅದನ್ನು ಹಾಯ್ದು ಹೋಗುತ್ತದೆ. ಹೊದಿಕೆಗೆ ತೂತು ಮಾಡಬೇಕಿಲ್ಲ. ಈ ತಂತ್ರದ ಮುಖ್ಯ ಪ್ರಯೋಜನವೇ ಇದು.

4. ಹೊಲದ ಟಿ.ಸಿ.ಯಲ್ಲಿರುವ ತತ್ತ್ವ

ತಂತಿಯಿಲ್ಲದೆ ವಿದ್ಯುತ್ ದಾಟುವುದೆಂದರೆ ನಂಬಲಾಗದ ಸಂಗತಿಯೆನಿಸಬಹುದು. ಆದರೆ ಕೃಷ್ಣೆಯ ದಂಡೆಯ ಕಬ್ಬಿನ ಹೊಲಗಳಿಗೆ ನೀರೆತ್ತುವ ಪ್ರತಿಯೊಂದು ಪಂಪ್‌ಸೆಟ್ಟಿನ ಹಿಂದೆಯೂ ಇದೇ ಸಂಗತಿ ಇದೆ. ರೈತರು ‘ಟಿ.ಸಿ.’ ಎಂದು ಕರೆಯುವ ಪರಿವರ್ತಕದಲ್ಲಿ ಎರಡು ಸುರುಳಿಗಳಿರುತ್ತವೆ. ಒಂದಕ್ಕೆ 11,000 ವೋಲ್ಟಿನ ಮಾರ್ಗ ಬಂದು ಸೇರುತ್ತದೆ. ಇನ್ನೊಂದರಿಂದ ಸುಮಾರು 400 ವೋಲ್ಟಿನ ವಿದ್ಯುತ್ ಪಂಪಿಗೆ ಹೋಗುತ್ತದೆ. ಈ ಎರಡು ಸುರುಳಿಗಳ ತಾಮ್ರ ಒಂದಕ್ಕೊಂದು ತಾಗಿರುವುದಿಲ್ಲ. ಮೊದಲ ಸುರುಳಿಯಲ್ಲಿ ಸೆಕೆಂಡಿಗೆ 50 ಆವರ್ತನೆಗಳಂತೆ ದಿಕ್ಕು ಬದಲಿಸುವ ವಿದ್ಯುತ್ತು ಬದಲಾಗುವ ಅಯಸ್ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ಆ ಬದಲಾವಣೆ ಎರಡನೆಯ ಸುರುಳಿಯಲ್ಲಿ ವಿದ್ಯುತ್ತನ್ನು ಪ್ರೇರಿಸುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆ ಇದೇ.

ವ್ಯತ್ಯಾಸ ಇಷ್ಟೇ: ಟಿ.ಸಿ.ಯೊಳಗೆ ಎರಡೂ ಸುರುಳಿಗಳನ್ನು ಕಬ್ಬಿಣದ ತಿರುಳು ಬೆಸೆದಿರುತ್ತದೆ. ಆದಕಾರಣ ಅಯಸ್ಕಾಂತಕ್ಷೇತ್ರ ಬಹುತೇಕ ಪೂರ್ತಿಯಾಗಿ ಎರಡನೆಯ ಸುರುಳಿಯನ್ನು ಮುಟ್ಟುತ್ತದೆ. ಉಪಕರಣದಲ್ಲಿ ಹಿಡಿಗೂ ಜೋಡುಭಾಗಕ್ಕೂ ನಡುವೆ ತೆರಪಿದೆ. ಕ್ಷೇತ್ರದ ಒಂದಂಶ ಚೆದುರಿಹೋಗುತ್ತದೆ. ತೆರಪು ಹೆಚ್ಚಿದಂತೆ, ಸುರುಳಿಗಳು ಓರೆಯಾದಂತೆ ಮುಟ್ಟುವ ಪ್ರಮಾಣ ಬೇಗನೆ ಕುಗ್ಗುತ್ತದೆ. ಇದನ್ನು ತುಂಬಿಕೊಳ್ಳಲು ಎರಡು ಉಪಾಯಗಳಿವೆ. ಒಂದು, ಆವರ್ತನವನ್ನು ಬಹಳವಾಗಿ ಏರಿಸುವುದು: ಮೊಬೈಲನ್ನು ಹಲಗೆಯ ಮೇಲಿಟ್ಟು ಚಾರ್ಜು ಮಾಡುವ ಚೀ ಮಾನಕದಲ್ಲಿ ಅದು ಸೆಕೆಂಡಿಗೆ ಒಂದು ಲಕ್ಷಕ್ಕೂ ಹೆಚ್ಚು. ಇನ್ನೊಂದು ಅನುರಣನ.

5. ಅನುರಣನ: ಕಾವ್ಯಮೀಮಾಂಸೆಯಿಂದ ಭೌತಶಾಸ್ತ್ರಕ್ಕೆ

ಅನುರಣನವೆಂಬ ಪದ ಕನ್ನಡ ಅಧ್ಯಾಪಕರಿಗೆ ಧ್ವನಿಸಿದ್ಧಾಂತದಿಂದ ಪರಿಚಿತ. ಘಂಟೆ ಬಾರಿಸಿದ ಮೇಲೆ ಉಳಿದು ಕೇಳುವ ನಾದ ಅಲ್ಲಿನ ಅರ್ಥ. ಭೌತಶಾಸ್ತ್ರದಲ್ಲಿ ಅದೇ ಪದಕ್ಕೆ ಬೇರೊಂದು ಹೊರೆಯಿದೆ: ಒಂದರ ಕಂಪನಕ್ಕೆ ಅದೇ ಶ್ರುತಿಯ ಇನ್ನೊಂದು ತಾನಾಗಿ ಮಿಡಿಯುವುದು. ಇದಕ್ಕೆ ನಿದರ್ಶನವೂ ಮಿರಜದಲ್ಲಿಯೇ ಇದೆ. ಆ ಊರು ಆಸ್ಪತ್ರೆಗಳಿಗೆ ಹೇಗೋ ಹಾಗೆ ತಂಬೂರಿ, ಸಿತಾರಗಳ ತಯಾರಿಕೆಗೂ ಹೆಸರಾಗಿದೆ. ಸಿತಾರದ ಮೇಲಿನ ತಂತಿಯನ್ನು ಮೀಟಿದಾಗ ಕೆಳಗಿನ ತರಬ್ ತಂತಿಗಳನ್ನು ಯಾರೂ ಮುಟ್ಟದಿದ್ದರೂ ಅದೇ ಸ್ವರಕ್ಕೆ ಕೂಡಿಸಿದ ತಂತಿ ನುಡಿಯುತ್ತದೆ. ಶ್ರುತಿ ಕೂಡದ ತಂತಿ ಸುಮ್ಮನಿರುತ್ತದೆ.

ಸುರುಳಿಗೆ ವಿದ್ಯುತ್ತನ್ನು ಹಿಡಿದಿಡುವ ಕೆಪಾಸಿಟರನ್ನು ಜೋಡಿಸಿದರೆ ಅದಕ್ಕೂ ತನ್ನದೇ ಶ್ರುತಿ ಉಂಟಾಗುತ್ತದೆ. ಎರಡೂ ಸುರುಳಿಗಳ ಶ್ರುತಿಯನ್ನು ಒಂದಾಗಿಸಿದರೆ ತೆರಪಿದ್ದರೂ ವಿದ್ಯುತ್ ಚೆನ್ನಾಗಿ ದಾಟುತ್ತದೆ. 2007ರಲ್ಲಿ ಅಮೆರಿಕದ ಎಂ.ಐ.ಟಿ.ಯ ಮರಿನ್ ಸೊಲ್ಯಾಚಿಚ್ ಮತ್ತು ಸಂಗಡಿಗರು ಈ ಬಗೆಯಿಂದ ಎರಡು ಮೀಟರಿಗೂ ಹೆಚ್ಚು ದೂರದಲ್ಲಿ 60 ವಾಟಿನ ಬಲ್ಬನ್ನು ಸುಮಾರು ಶೇ. 40ರ ದಕ್ಷತೆಯಲ್ಲಿ ಬೆಳಗಿಸಿ ತೋರಿಸಿದರು. ಶಸ್ತ್ರಚಿಕಿತ್ಸೆಯ ಜೋಡುಭಾಗಕ್ಕೆ ಅಷ್ಟು ದೂರದ ಅಗತ್ಯವಿಲ್ಲ. ಅಲ್ಲಿ ಅನುರಣನದ ಪ್ರಯೋಜನವೆಂದರೆ ಸಣ್ಣ ಸುರುಳಿಯಿಂದಲೇ ಸಾಕಷ್ಟು ವಿದ್ಯುತ್ ದೊರೆಯುವುದು.

6. ಮಿತಿಗಳು ಮತ್ತು ಎಚ್ಚರ

ಈ ತಂತ್ರಕ್ಕೆ ತೊಡಕುಗಳೂ ಇವೆ. ಉಪಕರಣಗಳು ಉಕ್ಕಿನವು, ಬದಲಾಗುವ ಅಯಸ್ಕಾಂತಕ್ಷೇತ್ರ ಉಕ್ಕಿನಲ್ಲಿ ಸುಳಿಪ್ರವಾಹಗಳನ್ನು ಎಬ್ಬಿಸಿ ಅದನ್ನು ಬಿಸಿಮಾಡುತ್ತದೆ. ಅಡುಗೆಮನೆಯ ಇಂಡಕ್ಷನ್ ಒಲೆಯಲ್ಲಿ ಬೇಕಾಗುವ ಗುಣವೇ ಇಲ್ಲಿ ದೋಷ. ಸುರುಳಿಯ ಹಿಂದೆ ಫೆರೈಟ್ ಹಾಳೆಯನ್ನಿಟ್ಟು ಕ್ಷೇತ್ರವನ್ನು ತಿರುಗಿಸಬೇಕಾಗುತ್ತದೆ. ಜೋಡುಭಾಗ ತಿರುಗುವಂತಿದ್ದರೆ ಒಂದೇ ಅಕ್ಷದ ಮೇಲೆ ಬಳೆಯಾಕಾರದ ಸುರುಳಿಗಳನ್ನು ಇಟ್ಟು ಎಷ್ಟು ತಿರುಗಿದರೂ ತೆರಪು ಬದಲಾಗದಂತೆ ನೋಡಿಕೊಳ್ಳಬೇಕು. ಅಂಗಾಂಶವನ್ನು ವಿದ್ಯುತ್ತಿನಿಂದ ಕೊಯ್ದು ಸುಡುವ ಸಾಧನಗಳು ಅದೇ ಕೋಣೆಯಲ್ಲಿ ನೂರಾರು ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುವುದರಿಂದ ಒಂದರ ಗದ್ದಲ ಇನ್ನೊಂದಕ್ಕೆ ತಾಗದಂತಿರಬೇಕು. ನಡುವೆ ವಿದ್ಯುತ್ ತಪ್ಪಿದರೆ ತುದಿ ಅಪಾಯವಿಲ್ಲದ ಸ್ಥಿತಿಯಲ್ಲಿ ನಿಲ್ಲಬೇಕು.

ಇನ್ನೊಂದು ಸಂಗತಿ ಹಣಕ್ಕೆ ಸಂಬಂಧಿಸಿದುದು. ವಿದ್ಯುತ್ ಕೊಡುವ ಸುರುಳಿಯ ಮೂಲಕವೇ ಜೋಡುಭಾಗದ ಚಿಪ್ಪು ತನ್ನ ಗುರುತನ್ನು ಹಿಡಿಗೆ ಹೇಳಬಲ್ಲುದು. ಆಗ ಒಮ್ಮೆ ಬಳಸಿದ ಭಾಗವನ್ನು ಹಿಡಿ ಎರಡನೆಯ ಸಲ ಸ್ವೀಕರಿಸದಂತೆ ಮಾಡಬಹುದು. ಸೋಂಕಿನ ದೃಷ್ಟಿಯಿಂದ ಇದು ರಕ್ಷಣೆ. ಒಮ್ಮೆ ಬಳಸುವ ಭಾಗಗಳನ್ನು ಶುಚಿಗೊಳಿಸಿ ಮತ್ತೆ ಬಳಸುವ ರೂಢಿಯಿರುವ ನಮ್ಮ ದೇಶದಲ್ಲಿ ಇದು ರೋಗಿಯ ಬಿಲ್ಲಿಗೆ ಸೇರುವ ಖರ್ಚೂ ಹೌದು. ಎರಡನ್ನೂ ರೋಗಿಗೆ ಹೇಳಬೇಕಾಗುತ್ತದೆ.

7. ಪದಗಳ ಆಯ್ಕೆ

‘ನಿಸ್ತಂತು’ ಎಂಬ ಪದ ಬರಹದಲ್ಲಿ ನೆಲೆಗೊಂಡಿದೆ. ಆದರೆ ಅದು ಕೇಳಿದವರಿಗೆ ಮೊದಲು ತರುವುದು ಸಂದೇಶದ, ರೇಡಿಯೋದ ನೆನಪನ್ನು. ಮರಾಠಿಯ ‘ಬಿನತಾರಿ’ಗೂ ಅದೇ ಛಾಯೆಯಿದೆ. ಇಲ್ಲಿ ದಾಟುವುದು ಸಂದೇಶಕ್ಕಿಂತ ಮೊದಲು ವಿದ್ಯುತ್ತು. ಆದ್ದರಿಂದ ‘ತಂತಿಯಿಲ್ಲದ ವಿದ್ಯುತ್ ಪೂರೈಕೆ’ ಎಂಬ ಬಿಡಿಸಿದ ರೂಪ ಹೆಚ್ಚು ಸ್ಪಷ್ಟ. ‘ಶಕ್ತಿ’, ‘ಸಾಮರ್ಥ್ಯ’ ಎಂಬ ಪದಗಳಿಗೆ ಪಠ್ಯಪುಸ್ತಕಗಳಲ್ಲಿ ನಿಶ್ಚಿತ ಅರ್ಥಗಳಿರುವುದರಿಂದ ‘ಪೂರೈಕೆ’ಯೇ ಗೊಂದಲಕ್ಕೆಡೆಯಿಲ್ಲದ್ದು.

‘ಅಟ್ಯಾಚ್‌ಮೆಂಟ್’ಗೆ ಕಚೇರಿಯ ಕನ್ನಡದಲ್ಲಿರುವ ‘ಲಗತ್ತು’ ಇಲ್ಲಿ ಸಲ್ಲದು. ಅದು ಪತ್ರದೊಡನೆ ಕಳಿಸುವ ಕಾಗದಕ್ಕೆ ಮೀಸಲಾಗಿದೆ. ಗಡಿಭಾಗದ ಆಡುನುಡಿಯಲ್ಲಿ ಇದಕ್ಕೆ ಸಮರ್ಥವಾದ ಕ್ರಿಯಾಪದವಿದೆ: ‘ಹಚ್ಚು’. ಮುಲಾಮು ಹಚ್ಚುತ್ತಾರೆ, ದೀಪ ಹಚ್ಚುತ್ತಾರೆ, ಟ್ರ್ಯಾಕ್ಟರಿಗೆ ನೇಗಿಲು ಹಚ್ಚುತ್ತಾರೆ, ಮೊಬೈಲನ್ನು ಚಾರ್ಜಿಗೆ ಹಚ್ಚುತ್ತಾರೆ. ಕೂಡಿಸುವುದು ಮತ್ತು ವಿದ್ಯುತ್ ಕೊಡುವುದು, ಈ ಎರಡೂ ಕ್ರಿಯೆಗಳನ್ನು ಈ ಒಂದು ಧಾತು ಹೊರುತ್ತದೆ. ಬರಹಕ್ಕೆ ‘ಜೋಡುಭಾಗ’ ಸಾಕು. ಮಾತಿಗೆ ‘ಹಚ್ಚೂ ಭಾಗ’ವೇ ಲೇಸು. ಮರಾಠಿಗೂ ಸಮಾನವಾದ ‘ಶಸ್ತ್ರಕ್ರಿಯೆ’, ‘ಹತ್ಯಾರ’ದಂಥ ಪದಗಳನ್ನು ದೂರವಿಡುವ ಕಾರಣವಿಲ್ಲ, ಮಿರಜದ ವೈದ್ಯನಿಗೂ ಅಥಣಿಯ ರೋಗಿಗೂ ಅವು ಒಟ್ಟಿಗೆ ತಿಳಿಯುತ್ತವೆ. ಹೀಗೆ ನೋಡಿದರೆ ಒಪ್ಪಿಗೆಯ ಹೊತ್ತಿನಲ್ಲಿ ಹೇಳಬೇಕಾದ ಮಾತು ಹೀಗಿರಬಹುದು: “ಈ ಹತ್ಯಾರದ ತುದಿಗಿ ಹಚ್ಚೂ ಭಾಗ ಬ್ಯಾರೆ ಐತಿ. ಅದಕ್ಕ ವಾಯರ ಇಲ್ಲ, ಸೆಲ್ಲೂ ಇಲ್ಲ. ಹಿಡಿಕ್ಯಾಗಿನ ಸುರುಳಿಯಿಂದ ಕರೆಂಟ ಬರತೈತಿ, ಟಿ.ಸಿ.ಯೊಳಗ ಬಂದಂಗ. ಆ ಭಾಗ ಒಮ್ಮೆ ಬಳಸೂದು, ಅದರ ಖರ್ಚು ಬ್ಯಾರೆ.”

8. ಉಪಸಂಹಾರ

ಈ ತತ್ತ್ವ ಈಗಾಗಲೇ ಮನೆಯೊಳಗೆ ಬಂದಿರುವ ಒಂದು ಸಂದರ್ಭವಿದೆ. ಹುಟ್ಟುಕಿವುಡಿರುವ ಮಕ್ಕಳಿಗೆ ಅಳವಡಿಸುವ ಕಾಕ್ಲಿಯರ್ ಸಾಧನದಲ್ಲಿ ಚರ್ಮದ ಒಳಗಿನ ಭಾಗಕ್ಕೆ ಸಾಮಾನ್ಯವಾಗಿ ಸೆಲ್ ಇರುವುದಿಲ್ಲ. ಹೊರಸುರುಳಿಯನ್ನು ಅಯಸ್ಕಾಂತದಿಂದ ತಲೆಗೆ ಹಚ್ಚಿದಾಗ ಅದು ಒಳಸುರುಳಿಗೆ ವಿದ್ಯುತ್ತನ್ನೂ ಸಂಕೇತವನ್ನೂ ಚರ್ಮದ ಮೂಲಕ ದಾಟಿಸುತ್ತದೆ. ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಿಂದ ಈ ಸಾಧನ ಬಡ ಕುಟುಂಬಗಳಿಗೂ ಎಟುಕುವಂತಾಗಿದೆ. ಹೊರಸುರುಳಿ ಸರಿದರೆ ಮಗುವಿಗೆ ಏನೂ ಕೇಳಿಸದು ಎಂಬುದು ತಾಯಿಗೆ ತಿಳಿದಿರಬೇಕು. ಏಕೆ ಎಂಬುದು ತಿಳಿದರೆ ಅವಳು ಆ ಸಾಧನವನ್ನು ಭಯವಿಲ್ಲದೆ ನೋಡಿಕೊಳ್ಳಬಲ್ಲಳು.

ಒಟ್ಟಿನಲ್ಲಿ, ಹೊಸ ತಂತ್ರಜ್ಞಾನವನ್ನು ಕನ್ನಡದಲ್ಲಿ ಹೇಳಲು ಪದಗಳಿಲ್ಲವೆಂಬ ಮಾತು ಈ ತಾಲೂಕುಗಳ ಮಟ್ಟಿಗೆ ನಿಲ್ಲುವುದಿಲ್ಲ. ಟಿ.ಸಿ., ಸುರುಳಿ, ಶ್ರುತಿ, ಹಚ್ಚು, ಹತ್ಯಾರ ಇವೆಲ್ಲ ಅಲ್ಲಿ ಬಳಕೆಯಲ್ಲಿವೆ. ಅವನ್ನು ಸಂಗ್ರಹಿಸಿ, ವೈದ್ಯರೊಡನೆ ಕುಳಿತು ಪರಿಶೀಲಿಸಿ, ಒಪ್ಪಿಗೆಪತ್ರದ ಕನ್ನಡವಾಗಿ ರೂಪಿಸುವ ಕೆಲಸವನ್ನು ಗಡಿಭಾಗದ ಕಾಲೇಜುಗಳ ಕನ್ನಡ ವಿಭಾಗಗಳು ಕೈಗೆತ್ತಿಕೊಳ್ಳುವುದು ಅಗತ್ಯ. ಸಹಿ ಹಾಕುವ ಮುನ್ನ ರೋಗಿ ಕೇಳುವ ‘ಇದೇನ್ರಿ?’ ಎಂಬ ಪ್ರಶ್ನೆಗೆ ಅವನ ಭಾಷೆಯಲ್ಲಿಯೇ ಉತ್ತರ ಸಿಗುವಂತಾಗಬೇಕು.