ಕೂಡಲಸಂಗಮದವರೆಗೆ ಬಂದ ಇನ್ಸುಲಿನ್

ಕೃಷ್ಣೆ, ಮಲಪ್ರಭೆ ಕೂಡುವ ಈ ಸೀಮೆಯಲ್ಲಿ ವೈದ್ಯರು ಇನ್ಸುಲಿನ್ ಬರೆದುಕೊಟ್ಟರೆ ಮನೆಯಲ್ಲಿ ಎರಡು ಮಾತು ಏಳುತ್ತವೆ. ‘ಸೂಜಿಗೆ ಬಂತಂದ್ರ ಮುಗೀತು’ ಎಂಬುದು ಒಂದು. ಇನ್ನೊಂದನ್ನು ಲಿಂಗ ಕಟ್ಟಿದ ಹಿರಿಯರು ಮೆಲ್ಲಗೆ ಕೇಳುತ್ತಾರೆ: ‘ಇದು ಪ್ರಾಣಿಯಿಂದ ತಗದದ್ದೇನ್ರಿ?’

ಹಾಗೆ ಕೇಳುವುದಕ್ಕೆ ಕಾರಣವಿದೆ. 1921ರಲ್ಲಿ ಟೊರಾಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್, ಚಾರ್ಲ್ಸ್ ಬೆಸ್ಟ್ ಮೊದಲು ನಾಯಿಯ ಮೇದೋಜೀರಕ ಗ್ರಂಥಿಯಿಂದ ಈ ರಸ ತೆಗೆದರು. ಮರುವರ್ಷ ಜನವರಿ 11ರಂದು 14 ವರ್ಷದ ಲಿಯೊನಾರ್ಡ್ ಥಾಮ್ಸನ್‌ಗೆ ಚುಚ್ಚಿದ್ದು ದನದ ಗ್ರಂಥಿಯ ಸಾರ. ಅದರಿಂದ ಹೆಚ್ಚು ಗುಣ ಕಾಣಲಿಲ್ಲ. ಜೇಮ್ಸ್ ಕಾಲಿಪ್ ಅದನ್ನು ಶುದ್ಧಗೊಳಿಸಿದ ಮೇಲೆ 23ರಂದು ಕೊಟ್ಟ ಚುಚ್ಚುಮದ್ದು ಹುಡುಗನನ್ನು ಉಳಿಸಿತು. ಅಲ್ಲಿಂದ ಸುಮಾರು 60 ವರ್ಷ ಇನ್ಸುಲಿನ್ ಬಂದದ್ದು ದನ, ಹಂದಿಗಳಿಂದಲೇ. 1978ರಲ್ಲಿ ವಿಜ್ಞಾನಿಗಳು ಮಾನವ ಇನ್ಸುಲಿನ್ನಿನ ವಂಶವಾಹಿಯನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ ಅದರಿಂದಲೇ ಇನ್ಸುಲಿನ್ ಮಾಡಿಸಿದರು. 1982ರಲ್ಲಿ ಅದಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ನಮ್ಮ ಬೆಂಗಳೂರಿನ ಬಯೋಕಾನ್ ಇದೇ ಕೆಲಸವನ್ನು ಪಿಕಿಯಾ ಎಂಬ ಯೀಸ್ಟಿನಿಂದ ಮಾಡಿಸಿ 2004ರಲ್ಲಿ ‘ಇನ್ಸುಜೆನ್’ ಬಿಡುಗಡೆ ಮಾಡಿತು. ಹಿರಿಯರಿಗೆ ಧೈರ್ಯವಾಗಿ ಹೇಳಬಹುದು: ಇಂದಿನ ಮಾನವ ಇನ್ಸುಲಿನ್ ಯಾವ ಪ್ರಾಣಿಯ ಗ್ರಂಥಿಯಿಂದಲೂ ತೆಗೆದದ್ದಲ್ಲ.

ಮೊದಲ ಮಾತು ಹೆಚ್ಚು ಕೇಡು ಮಾಡಿದೆ. ಬ್ರಿಟನ್ನಿನಲ್ಲಿ 1977ರಿಂದ 20 ವರ್ಷ ನಡೆದ ದೊಡ್ಡ ಅಧ್ಯಯನದ ಪ್ರಕಾರ, ಎರಡನೇ ಬಗೆಯ ಸಕ್ಕರೆ ಕಾಯಿಲೆ ಪತ್ತೆಯಾಗುವ ಹೊತ್ತಿಗೇ ಇನ್ಸುಲಿನ್ ಸುರಿಸುವ ಜೀವಕೋಶಗಳ ಶಕ್ತಿ ಅರ್ಧದಷ್ಟು ಇಳಿದಿರುತ್ತದೆ. ಮುಂದೆಯೂ ಇಳಿಯುತ್ತಾ ಹೋಗುತ್ತದೆ. ಆದ್ದರಿಂದ ವರ್ಷಗಳ ನಂತರ ಮಾತ್ರೆ ಸಾಲದೆ ಹೋದರೆ ಅದು ಅಮೀನಗಡದ ಕರದಂಟು ತಿಂದ ತಪ್ಪೊಂದೇ ಅಲ್ಲ, ಕಾಯಿಲೆಯ ಸ್ವಭಾವ. ಹಿಂದೆ ಕಾಲಿಗೆ ಹುಣ್ಣಾಗಿ, ಕಣ್ಣು ಮಂಜಾದ ಮೇಲೆ ಎಷ್ಟೋ ಮಂದಿ ಸೂಜಿ ಹಿಡಿದರು. ತಡ ಮಾಡಿದ ಕೇಡು ಸೂಜಿಯ ತಲೆಗೆ ಬಂತು ಎಂದೇ ನನ್ನ ಅನಿಸಿಕೆ.

ಶುರುವಾಗುವುದು ಸಾಮಾನ್ಯವಾಗಿ ರಾತ್ರಿ ಒಂದು ಸಲ, 10 ಯೂನಿಟ್‌ನಷ್ಟು. ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ ನೋಡಿ ವೈದ್ಯರು ಸ್ವಲ್ಪಸ್ವಲ್ಪವೇ ಏರಿಸುತ್ತಾರೆ. ಪೆನ್ನಿನ ಸೂಜಿ 4 ಮಿಲಿಮೀಟರ್ ಇದ್ದರೂ ಸಾಕು. ಹೊಕ್ಕುಳಿನಿಂದ ಎರಡು ಬೆರಳು ದೂರ, ದಿನಕ್ಕೊಂದು ಜಾಗ. ಬಾಟಲಿಯ ಮೇಲೆ 40 ಎಂದಿದ್ದರೆ ಕೆಂಪು ಮುಚ್ಚಳದ 40ರ ಸಿರಿಂಜೇ ಬೇಕು; 100ರ ಔಷಧವನ್ನು ಅದರಲ್ಲಿ ಎಳೆದರೆ ಎರಡೂವರೆ ಪಟ್ಟು ಒಳಗೆ ಹೋಗುತ್ತದೆ, ಜೀವಕ್ಕೇ ಅಪಾಯ. ಬಾಗಲಕೋಟೆಯ ಬೇಸಿಗೆಯಲ್ಲಿ ತೆರೆಯದ ಬಾಟಲಿ ಫ್ರಿಜ್ಜಿನಲ್ಲಿರಲಿ, ಫ್ರೀಜರಿನಲ್ಲಿ ಬೇಡ. ಫ್ರಿಜ್ ಇಲ್ಲದವರು ಒದ್ದೆ ಮಾಡಿದ ಮಣ್ಣಿನ ಗಡಿಗೆಯಲ್ಲಿ, ನೀರು ತಾಗದಂತೆ, ತಂಪಾಗಿಡಬಹುದು.

ಇನ್ಸುಲಿನ್‌ನಿಂದ ರಕ್ತದ ಸಕ್ಕರೆ ತೀರಾ ಇಳಿದು ಕೈಕಾಲು ನಡುಗಿ ಬೆವರಿದರೆ ಕೂಡಲೇ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ವೈದ್ಯರು ಇನ್ಸುಲಿನ್ ಎಂದಾಗ ‘ಜಾತ್ರಿ ಮುಗೀಲ್ರಿ, ಆಮ್ಯಾಲ ನೋಡೂಣು’ ಎನ್ನಬೇಡಿ. ಅವತ್ತೇ ನರ್ಸ್ ಎದುರು ಕೂತು ಚುಚ್ಚಿಕೊಳ್ಳುವುದನ್ನು ಕಲಿತು ಬನ್ನಿ.